ಬಂಗಾಳ ಕೊಲ್ಲಿಯವರ ಬಳಿ ಉಳಿದ ನಮ್ಮವ್ವನ ಹಲ್ಲುಗಳು

ಶ್ರೀಮನ್ಮಹಾ ಬಂಗಾಳ ಕೊಲ್ಲಿಯವರ ಸನ್ನಿಧಾನಕ್ಕೆ,
ಮೆರೀನಾ ದಡ, ಚೆನ್ನೈ.

ವಿಷಯ: ಪ್ರವಾಸಕ್ಕೆಂದು ಬಂದ ಹಿರಿಯ ಹೆಣ್ಣುಮಗಳೊಬ್ಬಳ ಒಂದು ಜೊತೆ ಕಟ್ಟಿಸಿದ ಹಲ್ಲುಗಳನ್ನು ತಾವು ತೆಗೆದುಕೊಂಡು ಹೋಗಿರುವ ಬಗ್ಗೆ.

ಮಾನ್ಯರೇ,

ರಾಯಚೂರು ಜಿಲ್ಲೆಯ ಮಾನ್ವಿ ಪಟ್ಟಣದಿಂದ, ಅಕ್ಕಿ ಮಿಲ್ಲೊಂದರ ಗುಮಾಸ್ತನಾದ ಚನ್ನವೀರನು ಕೈಮುಗಿದು, ಆದರೆ ತಮ್ಮ ವಿಷಯ ಈಗ ಗೊತ್ತಿರುವುದರಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು, ಮಾಡಿಕೊಳ್ಳುವ ಅರಿಕೆ. ಇತ್ತ ನಾವೆಲ್ಲರೂ ಕ್ಷೇಮ. ತಮ್ಮ ಕ್ಷೇಮವನ್ನು ಬೇರೆಯಾಗಿ ಕೇಳುವ ಅಗತ್ಯ ನಮ್ಮ ಕಡೆಯವರಿಗೆ ಬೀಳುವುದಿಲ್ಲ, ಏಕೆಂದರೆ ತಮಗೆ ವಾಯುಭಾರ ಕುಸಿತವಾದ ಸುದ್ದಿಯನ್ನು ಟಿವಿಯವರು ಮನೆಯ ಹಿರಿಯರಿಗೆ ಜ್ವರ ಬಂದಷ್ಟು ಕಾಳಜಿಯಿಂದ ಹೇಳುತ್ತಾರೆ, ಮತ್ತು ತಮ್ಮ ಭಾರ ಅಲ್ಲಿ ಕುಸಿದರೆ ಇಲ್ಲಿ ನಮ್ಮ ಮಿಲ್ಲಿನ ಅಂಗಳದಲ್ಲಿ ಒಣಹಾಕಿದ ಭತ್ತ ತೊಯ್ದು ಮೊಳಕೆ ಒಡೆಯುತ್ತದೆ. ಇಷ್ಟು ದೂರದಲ್ಲಿದ್ದೂ ನಮ್ಮನ್ನು ಮರೆಯದ ತಮ್ಮ ದೊಡ್ಡ ಮನಸ್ಸಿಗೆ ಮೊದಲಿಗೆ ವಂದನೆಗಳು.

ಪತ್ರ ಬರೆಯುವುದು ನನ್ನ ಕಸುಬು. ಮಿಲ್ಲಿನ ಪರವಾಗಿ ಕರೆಂಟಿನವರಿಗೆ, ರಸ್ತೆಯವರಿಗೆ, ಚರಂಡಿಯವರಿಗೆ ನಾನು ಬರೆದ ಪತ್ರಗಳನ್ನು ಒಂದರ ಮೇಲೊಂದು ಇಟ್ಟರೆ ತಮ್ಮ ದಡದ ದೀಪಸ್ತಂಭದ ಪಕ್ಕದಲ್ಲಿ ಇನ್ನೊಂದು ಎದ್ದೀತು. ಅವುಗಳಲ್ಲಿ ಯಾವುದಕ್ಕೂ ಈವರೆಗೆ ಉತ್ತರ ಬಂದಿಲ್ಲವಾದ್ದರಿಂದ, ತಾವೂ ಉತ್ತರಿಸದೆ ಇದ್ದರೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ. ತಾವೂ ಒಂದು ಕಚೇರಿಯೇ ಎಂದು ತಿಳಿದು ಸುಮ್ಮನಾಗುತ್ತೇನೆ.

ಮೊದಲು ನಮಗೂ ತಮಗೂ ಇರುವ ಸಂಬಂಧವನ್ನು ನೆನಪಿಸಬೇಕು. ನಮ್ಮವ್ವ ಹಂಪಮ್ಮನ ತವರು ದೇವದುರ್ಗ ತಾಲೂಕಿನ ಗೂಗಲ್, ಕೃಷ್ಣೆಯ ದಂಡೆ. ಹುಟ್ಟಿದಾಗಿನಿಂದ ಲಗ್ನವಾಗುವವರೆಗೆ ಅವಳು ಜಳಕ ಮಾಡಿದ್ದು, ಬಟ್ಟೆ ಒಗೆದದ್ದು, ಗೆಳತಿಯರ ಜೊತೆ ಜಗಳ ಮಾಡಿದ್ದು ಎಲ್ಲವೂ ಆ ಹೊಳೆಯಲ್ಲಿಯೇ. ಆ ಕೃಷ್ಣೆ ಕೊನೆಗೆ ಹೋಗಿ ಸೇರುವುದು ತಮ್ಮನ್ನು ಎಂದು ನಾನೊಮ್ಮೆ ಬಾಯಿತಪ್ಪಿ ಹೇಳಿದ್ದೇ, ಅವ್ವ ತಮ್ಮನ್ನು ಬೀಗರೆಂದು ಗಟ್ಟಿ ಮಾಡಿಕೊಂಡಳು. ಗೂಗಲ್‌ನ ಹುಡುಗಿ ಕೃಷ್ಣೆಯನ್ನು ಕೊಟ್ಟ ಮನೆ ತಮ್ಮದು. ಕೃಷ್ಣೆ ತಮ್ಮಲ್ಲಿಗೆ ಬರುವುದು ಆಂಧ್ರದ ಕಡೆಯಿಂದ, ಚೆನ್ನೈನಿಂದ ಅದು ಬಹಳ ದೂರ ಎಂದು ನಾನು ಮೊಬೈಲಿನಲ್ಲಿ ನಕಾಶೆ ತೆಗೆದು ತೋರಿಸಿದರೆ, "ಮನಿ ಒಂದ ಅಲ್ಲೇನೋ, ಬಾಗಲಾ ಬ್ಯಾರೆ" ಎಂದು ನಕಾಶೆಯನ್ನೇ ಬದಿಗೆ ಸರಿಸಿದಳು. ಅಂಥ ಮಾತಿಗೆ ಎದುರು ಹೇಳುವ ತಾಕತ್ತು ನನಗೂ ಇಲ್ಲ, ಮೊಬೈಲಿನೊಳಗಿನ ಆ ಇನ್ನೊಂದು ಗೂಗಲ್‌ಗೂ ಇರಲಿಲ್ಲ.

ಇನ್ನು ಹಲ್ಲುಗಳ ವಿಚಾರ. ನಮ್ಮವ್ವ ಮಾತಿನ ಮಲ್ಲಿ. ನಮ್ಮ ಓಣಿಯಲ್ಲಿ ಅವಳು ನಕ್ಕರೆ ಮೂಲೆಯ ಮನೆಯವರು ಬಾಗಿಲು ತೆಗೆದು ಯಾಕೆಂದು ಕೇಳುವ ಪದ್ಧತಿ ಇತ್ತು. ಆದರೆ ಕೆಲವು ವರ್ಷಗಳ ಹಿಂದೆ ಹಲ್ಲುಗಳು ಒಂದೊಂದಾಗಿ ಉದುರಿ ಬಾಯಿ ಬೋಳಾದ ಮೇಲೆ ಅವಳು ಸೆರಗನ್ನು ಬಾಯಿಗೆ ಹಿಡಿದೇ ಮಾತಾಡತೊಡಗಿದಳು, ಆಮೇಲೆ ಮಾತನ್ನೂ ಕಡಿಮೆ ಮಾಡಿದಳು, ನಗುವುದನ್ನಂತೂ ಬಿಟ್ಟೇಬಿಟ್ಟಳು. ಖಡಕ್ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದಳು. ನನ್ನ ಹೆಂಡತಿ ವಿಜಯಲಕ್ಷ್ಮಿ ಹಟ ಹಿಡಿದು ರಾಯಚೂರಿಗೆ ಕರೆದೊಯ್ದು, ಹಲ್ಲಿನ ಡಾಕ್ಟರರಿಂದ ಮೇಲೊಂದು ಕೆಳಗೊಂದು ಸಾಲು ಕಟ್ಟಿಸಿಕೊಟ್ಟಳು. ಬಸ್ಸಿನಲ್ಲಿ ವಾಪಸು ಬರುವಾಗಲೇ ಅವ್ವ ಕಂಡಕ್ಟರನ ಜೊತೆ ಜಗಳ ತೆಗೆದಳು, ಗೆದ್ದಳು, ನಕ್ಕಳು. ಆ ನಗು ಕೇಳಿ ನಾನು ಸೀಟಿನಲ್ಲಿ ಕಣ್ಣೊರೆಸಿಕೊಂಡೆನೆಂಬುದನ್ನು ತಮ್ಮಂಥ ದೊಡ್ಡವರ ಮುಂದೆ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಹಲ್ಲು ಬಂದ ಸಂತೋಷಕ್ಕೆ ಏನು ಬೇಕೆಂದು ಕೇಳಿದಾಗ ಅವಳು ಬಂಗಾರ ಕೇಳಲಿಲ್ಲ, ಸೀರೆ ಕೇಳಲಿಲ್ಲ. "ನಮ್ಮ ಹುಡುಗಿನ ಕೊಟ್ಟ ಮನಿ ಒಮ್ಮೆ ನೋಡಬೇಕಪಾ, ಆಕಿಗೆ ಒಂದು ಉಡಿ ತುಂಬಿ, ದಂಡಿ ಮ್ಯಾಗ ಕುಂತು ಖಡಕ್ ರೊಟ್ಟಿ ಕಟುಮ್ ಅಂತ ಕಡೀಬೇಕು" ಎಂದಳು. ಇಷ್ಟೇ ಅವಳ ಆಸೆ. ಈ ಆಸೆಗಾಗಿ ನಾವು ಮಾನ್ವಿಯಿಂದ ರಾಯಚೂರಿಗೆ, ರಾಯಚೂರಿನಿಂದ ಚೆನ್ನೈಗೆ ಬಂದೆವು.

ತಮ್ಮ ನಗರದ ಸೊಬಗನ್ನು ಹೊಗಳದಿದ್ದರೆ ನಾನು ಕೃತಘ್ನನಾದೇನು. ನಾವಿಳಿದ ಲಾಡ್ಜಿನವರು ಸಮುದ್ರ ಕಾಣುವ ಕೋಣೆಯನ್ನೇ ಕೊಟ್ಟಿದ್ದರು. ಬಚ್ಚಲಿನ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ನಿಂತು, ಮೇಲಿನ ಕಿಂಡಿಯಿಂದ ಕುತ್ತಿಗೆ ಹೊರಗೆ ಹಾಕಿದರೆ ಎರಡು ನೀರಿನ ಟ್ಯಾಂಕುಗಳ ಸಂದಿಯಲ್ಲಿ ತಾವು ಒಂದು ಟವೆಲ್ಲಿನಷ್ಟು ಅಗಲ ದರ್ಶನ ಕೊಡುತ್ತಿದ್ದಿರಿ. ರಾಯಚೂರಿನ ಬಿಸಿಲನ್ನು ಬೈಯುತ್ತಾ ಬೆಳೆದ ನಮಗೆ ತಮ್ಮೂರಿನ ಬೆವರು ಹೊಸ ಅನುಭವ. ಅಂಗಿ ಒಗೆಯುವ ಮೊದಲೇ ಹಿಂಡುವ ಸೌಕರ್ಯ ನಮ್ಮಲ್ಲಿಲ್ಲ. ಮೈಲಾಪುರದ ಶಿವನ ಗುಡಿಗೆ ಹೋದೆವು. ಅಲ್ಲಿ ಅವ್ವ ಗಂಟಲು ಬಿಚ್ಚಿ ವಚನ ಹೇಳಿದಳು, ಯಾರಿಗೂ ತಿಳಿಯದಿದ್ದರೂ ಎಲ್ಲರೂ ನಿಂತು ಕೇಳಿದರು. ದೀಪಸ್ತಂಭದ ಮೇಲೆ ಹತ್ತಿದಾಗ ತಮ್ಮನ್ನು ಮೊದಲ ಬಾರಿ ಇಡಿಯಾಗಿ ಕಂಡು, "ಹುಡುಗಿನ ದೊಡ್ಡ ಮನಿಗೇ ಕೊಟ್ಟೀವಿ ಬಿಡು" ಎಂದು ತೃಪ್ತಿಯಿಂದ ನಕ್ಕಳು. ತಮಗೆ ಇಷ್ಟು ಮರ್ಯಾದೆ ಕೊಟ್ಟವಳು ಅವಳು. ಈಗ ತಾವು ಮಾಡಿದ್ದನ್ನು ಕೇಳಬೇಕು.

ಅದೇ ದಿನ ಸಂಜೆ ದಡಕ್ಕೆ ಬಂದೆವು. ಉಡಿಯ ಸಾಮಾನೆಲ್ಲ ಅವ್ವ ಮಾನ್ವಿಯಿಂದಲೇ ತಂದಿದ್ದಳು: ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಹಸಿರು ಬಳೆ, ಕುಬಸ ಹೊಲಿಸುವ ಇಳಕಲ್ಲಿನ ಕಣದ ಬಟ್ಟೆ. ಪೂಜೆಗೆ ಮೊದಲು ಬಾಯಿ ಮುಕ್ಕಳಿಸಬೇಕು. ಹುಟ್ಟಿದ ಹಲ್ಲಾದರೆ ಮುಕ್ಕಳಿಸಿದರೆ ಮಡಿ. ಕಟ್ಟಿಸಿದ ಹಲ್ಲು ಎಷ್ಟು ತೊಳೆದರೂ ಎಂಜಲೇ ಎಂಬುದು ನಮ್ಮವ್ವ ತಾನೇ ಮಾಡಿಕೊಂಡ ಶಾಸ್ತ್ರ. "ಎಂಜಲ ಹಲ್ಲು ಬಾಯಾಗ ಇಟ್ಕೊಂಡು ಗಂಗಮ್ಮಗ ಉಡಿ ತುಂಬತಾರೇನು" ಎಂದು, ಹಲ್ಲುಗಳನ್ನು ತೆಗೆದು ತನ್ನ ಸ್ಟೀಲಿನ ಡಬ್ಬಿಯಲ್ಲಿಟ್ಟು ಮುಚ್ಚಿದಳು. ಮುಚ್ಚಳದ ಮೇಲೆ ಲಗ್ನದಲ್ಲಿ ತವರಿನವರು ಕೊರೆಸಿದ 'ಗೂಗಲ್ ಹಂಪಮ್ಮ' ಎಂಬ ಅಕ್ಷರಗಳಿವೆ. ಆ ಡಬ್ಬಿಯನ್ನು, ಚಪ್ಪಲಿಗಳನ್ನು, ರೊಟ್ಟಿಯ ಗಂಟನ್ನು ನೀರಿನ ಅಂಚಿನಿಂದ ಒಂದು ಮಾರು ಮೇಲೆ, ಒದ್ದೆಯಿಲ್ಲದ ಮರಳಿನ ಮೇಲೆ, ಓರಣವಾಗಿ ಜೋಡಿಸಿಟ್ಟಳು.

ಇಲ್ಲಿಯೇ ನಮ್ಮ ತಪ್ಪಾಯಿತು ಎಂದು ತಮ್ಮ ಪರವಾಗಿ ಯಾರಾದರೂ ವಾದಿಸಬಹುದು. ಆದರೆ ಸ್ವಾಮೀ, ಗೂಗಲ್‌ನಲ್ಲಿ ಹೆಂಗಸರು ತಲೆತಲಾಂತರದಿಂದ ಹೀಗೆಯೇ ಇಡುತ್ತಾರೆ. ಕೃಷ್ಣೆ ಮಳೆಗಾಲದಲ್ಲಿ ಏರುತ್ತಾಳೆ, ಬೇಸಿಗೆಯಲ್ಲಿ ಇಳಿಯುತ್ತಾಳೆ, ಆಣೆಕಟ್ಟಿನವರು ನೀರು ಬಿಟ್ಟರೆ ಡಂಗುರ ಸಾರಿಸಿ ಬರುತ್ತಾಳೆ. ಬಟ್ಟೆ ಒಗೆಯುವವಳ ಕಣ್ಣೆದುರಿಗೆ ಹಿಂದೆ ಸರಿದಂತೆ ಮಾಡಿ, ಅವಳು ಬಗ್ಗಿದ ಕೂಡಲೇ ಮುಂದೆ ನುಗ್ಗುವ ಬುದ್ಧಿ ಅವಳಿಗೆ ಗೊತ್ತೇ ಇಲ್ಲ. ಅಂಥ ಮನೆತನದ ಹುಡುಗಿಯನ್ನು ಕೊಟ್ಟ ಮೇಲೂ ತಾವು ಆ ನಡತೆಯಲ್ಲಿ ಒಂದಂಶವನ್ನೂ ಕಲಿತಿಲ್ಲವೆಂಬುದು ನಮ್ಮ ಗಮನಕ್ಕೆ ಬಂದಿರಲಿಲ್ಲ.

ಅವ್ವ ಉಡಿಯನ್ನು ನೀರಿಗಿಟ್ಟು ಕಣ್ಣು ಮುಚ್ಚಿ ಕೈಮುಗಿದಳು. ತಾವು ಬಂದಿರಿ. ಅಕ್ಕಿ, ಕೊಬ್ಬರಿ, ಬಳೆ ತೆಗೆದುಕೊಂಡಿರಿ. ಸಂತೋಷ, ತಮಗೆಂದೇ ತಂದದ್ದು. ಅಲ್ಲಿಗೆ ನಿಲ್ಲುವುದು ಬಿಟ್ಟು ಅವಳನ್ನು ದಾಟಿ, ಬಳಸಿ, ಹಿಂದೆ ಹೋಗಿ ರೊಟ್ಟಿಯ ಗಂಟನ್ನು ತೊಯ್ಸಿ, ಒಂದು ಚಪ್ಪಲಿಯನ್ನೂ ಡಬ್ಬಿಯನ್ನೂ ಎತ್ತಿಕೊಂಡು ಹೊರಟಿರಿ. ಡಬ್ಬಿ ಒಮ್ಮೆ ಮಿಂಚಿತು, ಮತ್ತೊಮ್ಮೆ ಮಿಂಚಿತು. "ನನ್ನ ಹಲ್ಲೋ ಯಪ್ಪಾ" ಎಂದು ಅವ್ವ ತಮ್ಮ ಬೆನ್ನು ಹತ್ತಿ ಮೊಣಕಾಲಿನ ನೀರಿಗೆ ಇಳಿದೇಬಿಟ್ಟಳು. ವಿಜಯಲಕ್ಷ್ಮಿ ಓಡಿ ಸೆರಗು ಹಿಡಿದು ಎಳೆಯದೆ ಇದ್ದಿದ್ದರೆ ನಾನು ಈ ಪತ್ರವನ್ನು ಇಷ್ಟು ಮರ್ಯಾದೆಯಿಂದ ಬರೆಯುತ್ತಿರಲಿಲ್ಲ. ದಡದ ಪೊಲೀಸರು ಸೀಟಿ ಊದಿದರು, ನಮಗೆ. ತಮಗೆ ಯಾರೂ ಊದಲಿಲ್ಲ.

ಮರಳಿನ ಮೇಲೆ ಕುಳಿತು ಅವ್ವ ಬಾಯಿಗೆ ಸೆರಗು ಹಿಡಿದು ಅತ್ತಳು. ಪಕ್ಕದಲ್ಲಿ ತಾಡಪತ್ರಿ ಹಾಸಿಕೊಂಡು ಕಪ್ಪೆಚಿಪ್ಪಿನ ಸರ, ಬಾಚಣಿಕೆ ಮಾರುತ್ತಿದ್ದ ರಂಜಾನಬಿ ಎಂಬ ಹೆಣ್ಣುಮಗಳು ಎದ್ದು ಬಂದು, "ಕೈಕು ರೋತೀ ಅಮ್ಮಾ" ಎಂದು ಅಳುವ ಕಾರಣ ಕೇಳಿದಳು. ಆ ಊರಿನಲ್ಲಿ ನಮಗೆ ತಿಳಿದ ಮೊದಲ ಮಾತು ಅದು; ನಮ್ಮ ಕಡೆಯ ಸಂತೆಯ ಉರ್ದುವಿನಲ್ಲಿ ಅವ್ವ ಇದ್ದದ್ದನ್ನೆಲ್ಲ ಹೇಳಿಕೊಂಡಳು. ರಂಜಾನಬಿ ನಗಲಿಲ್ಲ. ಸುತ್ತ ನಿಂತವರೆಲ್ಲ ನಕ್ಕಿದ್ದರು, ಮೊಬೈಲು ಹಿಡಿದಿದ್ದರು, ಅವಳೊಬ್ಬಳು ಮಾತ್ರ ನಗಲಿಲ್ಲ. ಡಬ್ಬಿ ಹೇಗಿತ್ತು, ಮೇಲೆ ಏನು ಬರೆದಿತ್ತು ಎಂದು ಕೇಳಿಕೊಂಡು, ಬೆಳಿಗ್ಗೆ ಬೇಗ ಬಂದು ನೋಡುತ್ತೇನೆ ಎಂದಳು.

ಅಂದಿನಿಂದ ಅವ್ವ ಮಾತು ನಿಲ್ಲಿಸಿದಳು. ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿ, ಕೇಳಿದ್ದಕ್ಕೆಲ್ಲ "ಊರಿಗೆ ಕಳಿಸಿಬಿಡಪಾ" ಎಂಬ ಒಂದೇ ಉತ್ತರ, ಅದೂ ಸೆರಗಿನೊಳಗಿಂದ. ತಾವು ಒಯ್ದದ್ದು ಹಲ್ಲು ಮಾತ್ರ ಎಂದು ತಿಳಿದಿದ್ದರೆ ತಪ್ಪು. ಇಷ್ಟು ವರ್ಷದ ಮೇಲೆ ನಮ್ಮ ಮನೆಗೆ ಬಂದಿದ್ದ ನಗುವನ್ನು ಆ ಡಬ್ಬಿಯ ಜೊತೆಗೆ ಒಯ್ದಿರಿ. ತಮ್ಮ ಹೊಟ್ಟೆಯಲ್ಲಿ ಶಾರ್ಕುಗಳೆಂಬ ಮೀನುಗಳಿವೆಯೆಂದೂ, ಅವುಗಳ ಬಾಯಲ್ಲಿ ಸಾಲಿನ ಹಿಂದೆ ಸಾಲು ಹಲ್ಲುಗಳಿವೆಯೆಂದೂ ಓದಿದ್ದೇನೆ. ಅಷ್ಟೊಂದು ಹಲ್ಲುಗಳ ಒಡೆಯರಾದ ತಮಗೆ ಮಾನ್ವಿಯ ಮುದುಕಿಯ ಎರಡು ಸಾಲು ಯಾತಕ್ಕೆ ಬೇಕಾಗಿದ್ದವೆಂಬುದು ನನ್ನ ಸಣ್ಣ ಬುದ್ಧಿಗೆ ಹೊಳೆದಿಲ್ಲ.

ಈ ವಿಷಯದಲ್ಲಿ ತಮಗೂ ತಮ್ಮ ನಗರದ ಹೋಟೆಲುಗಳಿಗೂ ಏನಾದರೂ ಒಳಒಪ್ಪಂದವಿದೆಯೇ ಎಂಬ ಸಂಶಯವನ್ನು ವಿನಯದಿಂದಲೇ ಮುಂದಿಡುತ್ತೇನೆ. ಬೆಳಿಗ್ಗೆ ಹೋದರೆ ಇಡ್ಲಿ, ಇಲ್ಲವೆ ಪೊಂಗಲ್. ಮಧ್ಯಾಹ್ನ ಬಾಳೆ ಎಲೆಯ ಮೇಲೆ ಬೆಟ್ಟದಷ್ಟು ಅನ್ನ, ಅದರ ಮೇಲೆ ಸಾಂಬಾರು, ಅದರ ಮೇಲೆ ರಸಂ, ಕಡೆಗೆ ಮಜ್ಜಿಗೆ. ರಾತ್ರಿ ಇಡಿಯಪ್ಪ, ಅದೂ ಬೇಸರವಾದರೆ ಮೊಸರನ್ನ. ಕಡಿಯುವಂಥ ಪದಾರ್ಥವನ್ನು ಇಡೀ ನಗರ ಬಹಿಷ್ಕರಿಸಿದಂತಿತ್ತು. ಸಮುದ್ರವು ಹಲ್ಲು ಕಿತ್ತುಕೊಂಡು ಕಳಿಸಿದ ಗಿರಾಕಿಗಳಿಗಾಗಿಯೇ ಮೆನು ಬರೆದಿಟ್ಟುಕೊಂಡು ಕಾಯುವ ಊರನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಲವಂತದಿಂದ ಕರೆದೊಯ್ದ ಒಂದು ಹೋಟೆಲಿನಲ್ಲಿ ಅವ್ವ ಸೆರಗು ಸರಿಸದೆ ಕುಳಿತದ್ದನ್ನು ಕಂಡ ಬಡಿಸುವವನು, ಏನೂ ಕೇಳದೆ ಪೊಂಗಲ್ಲಿಗೆ ಇನ್ನಷ್ಟು ತುಪ್ಪ ಹಾಕಿ ಚಮಚದಿಂದ ಹಿಸುಕಿ ಮುಂದಿಟ್ಟು, ಅವಳು ಉಂಡು ಮುಗಿಸುವವರೆಗೆ ನಮ್ಮ ಮೇಜಿಗೂ ಜನರಿಗೂ ನಡುವೆ ಬೆನ್ನು ತಿರುಗಿಸಿ ನಿಂತ. ಅವನಿಗೆ ಒಳ್ಳೆಯದಾಗಲಿ. ಅವನು ತಮ್ಮ ಊರಿನವನೇ ಹೊರತು ತಮ್ಮ ಮನೆಯವನಲ್ಲ.

ಹೊರಡುವ ದಿನ ಬಂತು. ಅವ್ವ ದಡಕ್ಕೆ ಬರುವುದಿಲ್ಲವೆಂದಳು. ವಿಜಯಲಕ್ಷ್ಮಿ, "ಅತ್ತೀ, ಹುಡುಗಿಗೆ ಹೇಳದೇ ಹೊಂಟರ ಆಕಿ ಏನಂತಾಳ" ಎಂದು ಕೃಷ್ಣೆಯ ಹೆಸರು ತೆಗೆದ ಮೇಲೆ ಎದ್ದಳು. ರಂಜಾನಬಿ ನಮ್ಮನ್ನು ದೂರದಿಂದಲೇ ಕಂಡು, ತಾಡಪತ್ರಿಯ ಕೆಳಗಿನಿಂದ ಏನನ್ನೋ ತೆಗೆದು ಓಡುತ್ತಾ ಬಂದಳು. ಅದೇ ಡಬ್ಬಿ. ಬೆಳಗಿನ ಹೊತ್ತು ದಡಕ್ಕೆ ಬಂದು ಬಿದ್ದಿತ್ತಂತೆ. ಅಕ್ಷರ ತಮಿಳಲ್ಲ, ಅಮ್ಮನದೇ ಎಂದು ಗುರುತು ಹಿಡಿದಳಂತೆ.

ಅವ್ವ ಮುಚ್ಚಳ ತೆಗೆದಳು. ಹಲ್ಲಿರಲಿಲ್ಲ. ಡಬ್ಬಿಯ ತುಂಬ ಕಪ್ಪೆಚಿಪ್ಪುಗಳಿದ್ದವು, ಬಿಳಿಯವು, ಗುಲಾಬಿ ಬಣ್ಣದವು, ಒಂದಕ್ಕಿಂತ ಒಂದು ಚೆಂದದವು.

ತಮಗೆ ಗೊತ್ತಿರಲಾರದು, ಆದ್ದರಿಂದ ಹೇಳುತ್ತೇನೆ. ನಮ್ಮ ಕಡೆ ಬೀಗರ ಮನೆಯಿಂದಾಗಲಿ ನೆರೆಮನೆಯಿಂದಾಗಲಿ ಡಬ್ಬಿ ಬಂದರೆ ಅದನ್ನು ಖಾಲಿ ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತೇವೆ. ಅವ್ವ ಆ ಚಿಪ್ಪುಗಳನ್ನು ಬೆರಳಿನಿಂದ ಆಡಿಸಿ ಆಡಿಸಿ ನೋಡಿದಳು. ಆಮೇಲೆ ಸೆರಗು ಬಿಟ್ಟಳು. ಬಾಯಿ ತುಂಬ, ಬೋಳು ವಸಡುಗಳೆಲ್ಲ ಕಾಣುವಂತೆ, ದಡದಲ್ಲಿ ಕುದುರೆ ಸವಾರಿಗೆ ನಿಂತ ಜನ ತಿರುಗಿ ನೋಡುವಂತೆ ನಕ್ಕಳು. "ನೋಡೋ ಚನ್ನವೀರ, ಬೀಗರು ಡಬ್ಬಿ ಖಾಲಿ ಕಳಿಸಿಲ್ಲ" ಎಂದಳು.

ಕೋಣೆಯಲ್ಲಿ ಉಳಿದಿದ್ದ ಇನ್ನೊಂದು ಗಂಟು ಖಡಕ್ ರೊಟ್ಟಿಯನ್ನು ವಿಜಯಲಕ್ಷ್ಮಿ ಚೀಲದಲ್ಲಿ ತಂದಿದ್ದಳು. ಅವ್ವ ಅದನ್ನು ಬಿಚ್ಚಿ ಶೇಂಗಾ ಚಟ್ನಿಪುಡಿಯ ಸಮೇತ ರಂಜಾನಬಿಯ ಕೈಗಿಟ್ಟು, "ನೀನಾರ ಕಡಿಯವ್ವಾ, ನಾ ಸಪ್ಪಳಾರ ಕೇಳ್ತೀನಿ" ಎಂದಳು. ಮಾತು ಕನ್ನಡದ್ದಾದರೂ ರಂಜಾನಬಿಗೆ ಅರ್ಥವಾಯಿತು. ಅವಳು ಕಟುಮ್ ಎಂದು ಕಡಿದಾಗಲೆಲ್ಲ ಅವ್ವ ತಾನೇ ಕಡಿದಷ್ಟು ಸುಖಪಟ್ಟಳು. ಹಾಗೆ ದಂಡೆಯ ಮೇಲೆ ಕುಳಿತು ರೊಟ್ಟಿ ಕಡಿಯುವ ಅವಳ ಆಸೆ, ಬೇರೆಯವರ ಹಲ್ಲಿನಿಂದಲಾದರೂ, ತೀರಿತು.

ಫಿರ್ಯಾದಿಯೇ ರಾಜಿಯಾದ ಮೇಲೆ ಈ ಪತ್ರವೇಕೆಂದು ತಾವು ಕೇಳಬಹುದು. ನಾನು ರಾಜಿಯಾಗಿಲ್ಲ. ಆದ್ದರಿಂದ ನನ್ನ ಕೆಲವು ಸಣ್ಣ ಕೋರಿಕೆಗಳನ್ನು ಪರಿಶೀಲಿಸಬೇಕು. ಹೆಣ್ಣುಮಕ್ಕಳು ಉಡಿ ತುಂಬುವ ಹೊತ್ತಿನಲ್ಲಿ ತಾವು ಇದ್ದಲ್ಲಿಯೇ ಒಂದಿಷ್ಟು ನಿಲ್ಲುವುದನ್ನು ರೂಢಿ ಮಾಡಿಕೊಳ್ಳಬೇಕು. ಬೇಕಾದರೆ ಅರಿಷಿಣದಿಂದ ಗೆರೆ ಎಳೆದುಕೊಡಲು ನಮ್ಮವ್ವ ಸಿದ್ಧಳಿದ್ದಾಳೆ. ತಮ್ಮ ತಳವನ್ನು ಒಮ್ಮೆ ಚೊಕ್ಕವಾಗಿ ಗುಡಿಸಿ ಹುಡುಕಿಸಬೇಕು, ಮತ್ತು ಯಾವುದಾದರೂ ಮುದಿ ಮೀನು ಇತ್ತೀಚೆಗೆ ತನ್ನ ವಯಸ್ಸಿಗೆ ಮೀರಿ ನಗುತ್ತಿರುವುದು ಕಂಡುಬಂದರೆ ಅದರ ಬಾಯನ್ನು ತೆರೆಸಿ ನೋಡಬೇಕು. ಸಿಕ್ಕ ಹಲ್ಲುಗಳನ್ನು ಅಂಚೆಯಲ್ಲಿ ಕಳಿಸದೆ, ನಮ್ಮ ಹುಡುಗಿ ಕೃಷ್ಣೆಯ ಕೈಯಲ್ಲಿಯೇ ಕೊಟ್ಟು, ವಿಜಯವಾಡ, ಶ್ರೀಶೈಲ, ಜುರಾಲಗಳ ಗೇಟಿನವರಿಗೆ ಈ ಪತ್ರ ತೋರಿಸಿ ಮೇಲ್ಮುಖವಾಗಿ ದೇವಸುಗೂರಿನ ಮೇಲೆ ಹಾಯಿಸಿ, ಗೂಗಲ್‌ನ ದಂಡೆಯ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಡಿಸಬೇಕು. ತವರಿಗೆ ಬಂದ ಹಾಗೂ ಆಗುತ್ತದೆ, ಬಹಳ ದಿನವಾಯಿತು ಅವಳನ್ನು ತಾವು ಕಳಿಸಿಲ್ಲ.

ಕೊನೆಯದಾಗಿ ಒಂದು ಮಾತು. ಡಬ್ಬಿ ತುಂಬಿಸಿ ಕಳಿಸಿದ ಮರ್ಯಾದೆಯನ್ನು ತಾವು ತಮ್ಮ ಹೆಸರಿಗೆ ಬರೆದುಕೊಳ್ಳಬಾರದು. ರೈಲಿನಲ್ಲಿ ಅವ್ವ ನಿದ್ದೆ ಹೋದ ಮೇಲೆ ನಾನು ಆ ಚಿಪ್ಪುಗಳನ್ನು ತೆಗೆದು ನೋಡಿದೆ. ಒಂದರಲ್ಲಿಯೂ ಮರಳಿನ ಕಣವಿರಲಿಲ್ಲ, ಪ್ರತಿಯೊಂದರಲ್ಲಿಯೂ ದಾರ ಪೋಣಿಸುವ ತೂತಿತ್ತು. ಚಿಪ್ಪಿಗೆ ತೂತು ಕೊರೆಯುವ ಕೆಲಸವನ್ನು ತಾವು ಯಾವಾಗಿನಿಂದ ಶುರುಮಾಡಿದ್ದೀರೆಂದು ನನಗೆ ತಿಳಿಯದು. ಬೆಳಿಗ್ಗೆ ಅವ್ವನಿಗೆ ಇದನ್ನು ಹೇಳಬೇಕೆಂದು ಬಾಯಿ ತೆರೆದವನು, ಒಂದು ಸಂಗತಿ ನೆನಪಾಗಿ ಡಬ್ಬಿಯನ್ನು ಮುಚ್ಚಿ ಅವಳ ಕೈಗೆ ಕೊಟ್ಟೆ. ಬೀಗರು ಡಬ್ಬಿ ಖಾಲಿ ಕಳಿಸಿಲ್ಲ ಎಂದು ಹೇಳುವಾಗ ಅವ್ವ ತಮ್ಮ ಕಡೆ ನೋಡಿರಲಿಲ್ಲ. ರಂಜಾನಬಿಯ ಕಡೆ ನೋಡುತ್ತಿದ್ದಳು.

ದಡದಿಂದ ಸಾಕಷ್ಟು ದೂರದಲ್ಲಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿರುವ

ತಮ್ಮ ವಿಶ್ವಾಸಿ,
ಚನ್ನವೀರ
ಮಾನ್ವಿ

ತಾ.ಕ.: ಕಟ್ಟಿಸಿದ ಹಲ್ಲುಗಳನ್ನು ರಾತ್ರಿ ಹೊತ್ತು ಶುದ್ಧವಾದ ನೀರಿನಲ್ಲಿ ನೆನೆಹಾಕಿ ಇಡಬೇಕೆಂದು ರಾಯಚೂರಿನ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ನೀರಿಗೆ ತಮ್ಮಲ್ಲಿ ಬರವಿಲ್ಲವೆಂದು ಬಲ್ಲೆ. ಶುದ್ಧವಾದದ್ದು ಬೇಕೆನಿಸಿದಾಗ ಮಾತ್ರ ಸಂಕೋಚಪಡದೆ ನಮಗೆ ಒಂದು ಮಾತು ತಿಳಿಸಿ. ಅವ್ವನ ಡಬ್ಬಿಯಲ್ಲಿ ಗೂಗಲ್‌ನಿಂದ ತುಂಬಿ ಕಳಿಸುತ್ತೇವೆ, ಡಬ್ಬಿಯನ್ನು ಖಾಲಿ ವಾಪಸು ಮಾಡುವ ಚಿಂತೆ ತಮಗೆ ಬೇಡ, ಅದನ್ನು ನೋಡಿಕೊಳ್ಳಲು ತಮ್ಮ ದಡದಲ್ಲಿ ನಮ್ಮ ಬೀಗರಿದ್ದಾರೆ.